ಬಾರ್ಲಿ ಕಾಫಿ

ಗಲಾನಿಸ್ ನಮ್ಮಲ್ಲಿ ಒಂದು ಮಾರು ಹಗ್ಗವನ್ನೂ ಕೊಂಡವನಲ್ಲ.
ಮೊದಲೇ ಹೇಳಿಬಿಡುತ್ತೇನೆ,
ಲೆಕ್ಕದ ಪುಸ್ತಕ ಬರೆದವಳು ನಾನು, ನೀವೆಸ್,
ಒರೆಸ್ತೆ ಕೊಸ್ಸುಟ್ಟಾನ ಸೋದರಸೊಸೆ.
ಅವನ ಹದಿನಾಲ್ಕು ಹಡಗಿಗೂ ಹಗ್ಗ
ಹ್ಯಾಂಬರ್ಗಿನಿಂದ ಬರುತ್ತಿತ್ತು, ಟಾರು ಬಳಿದು, ಮುದ್ರೆ ಒತ್ತಿಸಿಕೊಂಡು.

ಆ ಚಳಿಗಾಲ ಬೋರಾ ಗಾಳಿ ತ್ರಿಯೆಸ್ತೆಯ ಮೇಲೆ ಎರಗಿದಾಗ
ಅವನ ಟೋಪಿ ಹಾರಿ ನಮ್ಮ ಬಾಗಿಲೊಳಗೆ ಬಂತು,
ಹಿಂದೆಯೇ ಅವನು.
ಮಾವ ಒಲೆಯ ಹತ್ತಿರ ಕುರ್ಚಿ ಎಳೆದ,
ಬಾರ್ಲಿ ಹುರಿದು ಪುಡಿಮಾಡಿ ಕಾಸಿದ ಕರಿ ನೀರು ಕೊಟ್ಟ.
ಹೊಟ್ಟೆಹುಣ್ಣಿನ ಮನುಷ್ಯ; ವೈದ್ಯರು ಕಾಫಿ ಬಿಡಿಸಿದ್ದರು.
ಕಾಫಿ ಮೂಟೆ ಇಳಿಸಿ ಬದುಕುವ ಊರಲ್ಲಿ
ಆ ಮೂಟೆ ಹೊತ್ತು ತರುವ ಹಡಗಿನ ಧಣಿ ಬಾರ್ಲಿ ಕುಡಿಯುವುದೆಂದರೆ,
ನಾಲ್ಕು ಜನ ಕಂಡರೆ ನಗೆಪಾಟಲು.
ನಮ್ಮಲ್ಲಿ ಕಾಣುವವರು ಯಾರು? ಸೆಣಬಿನ ಸಿಂಬೆಗಳು, ನಾನು.
ದಿನಾ ಬರತೊಡಗಿದ, ಹತ್ತೂವರೆಗೆ.

ಕಿಟಕಿಗೆ ಗಾಜಿತ್ತು. ಅದನ್ನು ಮರೆತಿದ್ದೆವು.

ಎದುರಂಗಡಿಯ ಕ್ಷೌರಿಕ ಕಂಡ.
ಅವನ ಕತ್ತರಿಗೆ ತಲೆ ಕೊಟ್ಟವರೆಲ್ಲ ಕೇಳಿದರು.
ಮಾರ್ಚಿ ಹೊತ್ತಿಗೆ ಬಂದರಿನಲ್ಲಿ ಗಲಾನಿಸ್ ನಮ್ಮ ಪಾಲುದಾರ;
ಏಪ್ರಿಲಿಗೆ ಬೀಗನೇ ಆದ.
ಮನೆಯಲ್ಲಿ ಮದುವೆಗಿದ್ದವಳು ನಾನೊಬ್ಬಳೇ, ನನಗೇ ಹೊಸ ಸುದ್ದಿ.
ಬ್ಯಾಂಕಿನ ಕ್ರೆವಾತಿನ್, ಮೂರು ವರ್ಷ ಮಾವನನ್ನು
ಬೆಂಚಿನ ಮೇಲೆ ಕಾಯಿಸಿದವನು,
ಎದ್ದು ನಿಂತು ಕೈ ಕುಲುಕಿದ, ಬಡ್ಡಿ ಅರ್ಧ ಇಳಿಸಿದ.
'ನಿಮ್ಮ ಹಗ್ಗದ ಹುರಿಯೇ ಬೇರೆ' ಎಂದರು ಜನ.
ಅದೇ ಹುರಿ, ಅದೇ ಮೂರೆಳೆ,
ಗೋರ್ಯಾನ್ಸ್ಕೊ ಹಳ್ಳಿಯ ಅದೇ ಮುದುಕಿ ಯೂಸ್ತಿನಾ ಬಾಚಿದ ಸೆಣಬು.
ಹೂವಿನ ಜೊತೆ ನಾರೂ ಸ್ವರ್ಗ ಸೇರಿತಂತೆ.
ನಾವಂತೂ ಹುಟ್ಟಾ ನಾರು;
ಹೂವು ಮಾತ್ರ ನಮಗೆ ಸೋಕಿಯೇ ಇರಲಿಲ್ಲ.

ಮಾವ ಸುಳ್ಳು ಹೇಳಲಿಲ್ಲ. ಯಾರೂ ಕೇಳಲಿಲ್ಲ, ಅಷ್ಟೆ.
ಒಂದು ದಿನ ಅವನು ಆ ಕುರ್ಚಿಯನ್ನು
ಕಿಟಕಿಯ ಕಡೆಗೆ ಒಂದು ಗೇಣು ಸರಿಸಿದ್ದನ್ನು ನೋಡಿದೆ.
ಆಮೇಲೆ ಇನ್ನೊಂದು ಗೇಣು.

ಯೂಸ್ತಿನಾಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ.
ಹನ್ನೊಂದು ವರ್ಷ ಅವಳು ಕಾರ್ಸ್ಟಿನ ಕಲ್ಲುಹಾದಿ ಇಳಿದು
ಕತ್ತೆಯ ಮೇಲೆ ಹೊರೆ ಹೇರಿಕೊಂಡು ಬಂದಳು,
'ಆದಾಗ ಕೊಡಿ' ಎಂದು ಹೋದಳು.
ಆ ಸಾಲವಿಲ್ಲದಿದ್ದರೆ ಕಿಟಕಿಯೂ ಇಲ್ಲ, ಕುರ್ಚಿಯೂ ಇಲ್ಲ.
ಅವಳು ಬರುತ್ತಿದ್ದುದು ಹಿಂಬಾಗಿಲಿಗೆ.

ಮುಂದಿನ ನವೆಂಬರಿನಲ್ಲಿ ವಿಯೆನ್ನಾದ ವೈದ್ಯನೊಬ್ಬ
ಇನ್ನು ಕಾಫಿ ಕುಡಿಯಬಹುದು ಎಂದನಂತೆ.
ಗಲಾನಿಸ್ ನಮ್ಮ ಬಾಗಿಲು ದಾಟಿ ನಡೆದ,
ಟೋಪಿಯನ್ನು ಎರಡೂ ಕೈಲಿ ಹಿಡಿದು.
ಒಂದು ವಾರ. ಕ್ಷೌರಿಕ ಎಣಿಸಿದ.
ಎರಡನೆಯ ವಾರ ಕ್ರೆವಾತಿನ್‌ನ ಪತ್ರ ಬಂತು.
ಆಮೇಲೆ ನಮ್ಮ ಹಗ್ಗ ನೀರಲ್ಲಿ ಕೊಳೆಯುತ್ತದೆ ಎಂದು
ಅದನ್ನು ಮುಟ್ಟಿಯೂ ನೋಡದವರು ಹೇಳಿದರು.
ಒಬ್ಬ ಮನುಷ್ಯನ ಹೊಟ್ಟೆ ವಾಸಿಯಾದದ್ದಕ್ಕೆ
ನಾವು ಮೂವರು ಕೆಲಸಗಾರರನ್ನು ಬಿಡಿಸಿದೆವು.

ಜನವರಿಯಲ್ಲಿ ಮತ್ತೆ ಬೋರಾ.
ನಡೆಯುವವರು ಹಿಡಿದುಕೊಳ್ಳಲಿ ಎಂದು
ಪುರಸಭೆಯವರು ಬೀದಿಯ ಮೂಲೆಗಳಿಗೆ ಹಗ್ಗ ಕಟ್ಟಿದರು.
ನಮ್ಮದೇ ಹಗ್ಗ, ಇನ್ನೂ ದುಡ್ಡು ಬಂದಿಲ್ಲ.
ಕಾಫಿಮನೆಯಿಂದ ಹೊರಟ ಗಲಾನಿಸ್ ತಿರುವಿನಲ್ಲಿ ಕಾಲು ತಪ್ಪಿದ,
ಗಾಳಿ ಅವನನ್ನು ಕಡಲಿನ ಕಡೆ ದಬ್ಬಿತು,
ಟೋಪಿ ಬಿಟ್ಟು ಹಗ್ಗವನ್ನು ತಬ್ಬಿ ನಿಂತ.
ಗೋಡೆಯ ಕೊಕ್ಕೆ ಕಿರುಗುಟ್ಟಿತು. ಹುರಿ ಬಿಚ್ಚಲಿಲ್ಲ.
ನಾನು ನೂರರವರೆಗೆ ಎಣಿಸಿದೆ, ಇನ್ನೂ ಹಿಡಿದೇ ಇದ್ದ.

ಬೀದಿ ತುಂಬ ಜನ. ಎಲ್ಲರ ಕಣ್ಣಿಗೂ ದೂಳು.
ಕ್ಷೌರಿಕ ಬಾಗಿಲು ಹಾಕಿಕೊಂಡಿದ್ದ.