ಬೇಕು

ಮಂಡ್ಯದ ಗುತ್ತಲು ರಸ್ತೆ, ಜೆರಾಕ್ಸ್ ಅಂಗಡಿಯ ಮೇಲೆ
ಸಂಜೆ ಏಳರ ಇಂಗ್ಲಿಷ್ ಕ್ಲಾಸು.
ಕೆಳಗಿನ ಯಂತ್ರದ ಬಿಸಿ ನೆಲ ಹಾದು ಅಂಗಾಲಿಗೆ ತಾಗುತ್ತದೆ.
ಹಲಗೆಯ ಮೇಲೆ ಬರೆದೆ:
ಮಸ್ಟ್. ಹ್ಯಾವ್ ಟು. ಶುಡ್. ಆಟ್ ಟು.
ಅಡಿಗೊಂದು ಗೆರೆ ಎಳೆದು, ಕನ್ನಡದಲ್ಲಿ
ಒಂದೇ ಒಂದು: ಬೇಕು.

"ನಾಕು ಮಡಕೆಗೂ ಒಂದೇ ಮುಚ್ಚಳವಾ ಮೇಷ್ಟ್ರೇ?"
ಚೆನ್ನಾಜಮ್ಮ. ದೊಡ್ಡಾಸ್ಪತ್ರೆ ಆಯಾ,
ಕೈಯಲ್ಲಿನ್ನೂ ಫಿನಾಯಿಲ್ ವಾಸನೆ.
ಮಸ್ಟ್ ಅಂದರೆ ಒಳಗಿನಿಂದ ನೂಕುವುದು, ಎಂದೆ,
ಹ್ಯಾವ್ ಟು ಹೊರಗಿನಿಂದ.
ಅವಳು ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿ,
"ಹೆರಿಗೆ ವಾರ್ಡಲ್ಲಿ ಎರಡೂ ಒಟ್ಗೇ ಬತ್ತವೆ ಕನ್ ಮೇಷ್ಟ್ರೇ."
ಕಬ್ಬಿನ ಲಾರಿಯ ಕೆಂಪರಾಜು ನಕ್ಕ ನಗೆಗೆ
ಬೆಂಚು ಅಲ್ಲಾಡಿತು.

ನಿಜವೇ. ಅನ್ನ ಬೇಕು, ಹೋಗಬೇಕು;
ಆಸೆಗೂ ಅಪ್ಪಣೆಗೂ ನಮ್ಮಲ್ಲಿ ಒಂದೇ ಬಾಗಿಲು,
ಯಾರು ಯಾವಾಗ ಒಳಬಂದರೋ ಗೊತ್ತಾಗುವುದಿಲ್ಲ.

ಮಸ್ಟ್‌ಗೆ ನಿನ್ನೆ ಇಲ್ಲ, ಎಂದು ಮುಂದುವರಿಸಿದೆ.
ಆದದ್ದು ಹೇಳಲು ಪಕ್ಕದ ಮನೆಯಿಂದ
ಹ್ಯಾಡ್ ಟು ಕಡ ತರಬೇಕು.
"ಹಂಗಾರೆ ನೆನ್ನೆ ಮಾಡ್ಬೇಕಾದ್ದ ಮಾಡ್ದೇ ಹೋದ್ರೆ?"
ಶುಡ್ ಹ್ಯಾವ್, ಎಂದೆ. ಸೀಮೆಸುಣ್ಣ ಮುರಿಯಿತು.
ಅದಕ್ಕೆ ಪುಸ್ತಕ ಕೊಡುವ ಉದಾಹರಣೆ ಛತ್ರಿಯದು:
ಒಯ್ಯಬೇಕಿತ್ತು, ಒಯ್ಯಲಿಲ್ಲ, ನೆನೆದೆ.
ನನ್ನ ಬಳಿ ಬೇರೆ ಇದ್ದವು.
ಹಲಗೆ ಚಿಕ್ಕದು.
ಛತ್ರಿಯನ್ನೇ ಬರೆದೆ.

ಎಂಟೂಮುಕ್ಕಾಲಿನ ಕೆರಗೋಡು ಬಸ್ಸಿಗೆ
ಚಪ್ಪಲಿ ಕೈಲಿ ಹಿಡಿದೇ ಮೆಟ್ಟಿಲಿಳಿದು ಓಡಿದಳು.
ಬೆಂಚಿನ ಮೇಲೆ ಮರೆತ ನೋಟ್‌ಬುಕ್ಕು,
ಕೊನೆಯ ಪುಟದಲ್ಲಿ ಇವತ್ತಿನ ಶಾಯಿ:
ಟುಮಾರೊ ನೈಟ್ ಡ್ಯೂಟಿ. ಯು ಮಸ್ಟ್ ನಾಟ್ ವೇಟ್ ಫಾರ್ ಮಿ.

ಕಾಯಬೇಕಿಲ್ಲ ಎನ್ನಲು ಹೋಗಿ
ಕಾಯಕೂಡದು ಎಂದುಬಿಟ್ಟಿದ್ದಾಳೆ.
ಇಷ್ಟು ವರ್ಷದಲ್ಲಿ ನನಗೆ ಹೀಗೆ
ಯಾರೂ ಅಪ್ಪಣೆ ಕೊಟ್ಟಿರಲಿಲ್ಲ.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ. ತಿದ್ದಬೇಕು.
ಒಳಗಿನಿಂದಲೋ ಹೊರಗಿನಿಂದಲೋ, ತಿದ್ದಲೇಬೇಕು,
ಸಂಬಳ ಅದಕ್ಕೇ.

ಕೆಳಗೆ ಷಟರು ಎಳೆದ ಸದ್ದು. ನೆಲ ತಣ್ಣಗಾಗತೊಡಗಿತು.
ದೂರದಲ್ಲಿ ಬಸ್ಸೊಂದು ಗೇರು ಬದಲಿಸಿತು.
ಸಿಕ್ಕಿರಬೇಕು ಅವಳಿಗೆ.
ಕೂತಿರಬೇಕು, ಕಿಟಕಿ ಪಕ್ಕ.

ಇದು ಇನ್ನೊಂದು ಬೇಕು.
ಯಾರನ್ನೂ ನೂಕುವುದಿಲ್ಲ, ಸುಮ್ಮನೆ ಅಂದುಕೊಳ್ಳುತ್ತದೆ.
ಇದಿನ್ನೂ ಪಾಠಕ್ಕೆ ಬಂದಿಲ್ಲ.