ಕಿವಿ ಖಾಲಿ ಐತೆ

ಮೊಳಕಾಲ್ಮೂರಿನಲ್ಲಿ ಬಂದಿಳಿದಾಗ
ನಮ್ಮ ಚೀಲದಲ್ಲಿ ಆರುನೂರು ಕರಪತ್ರ,
ಎರಡು ಬಾಟಲಿ ನೀರು, ಒಂದು ಗ್ಲೂಕೋಸ್ ಪೊಟ್ಟಣ.
ಸುಕುಮಾರಣ್ಣನ ನೋಟುಬುಕ್ಕಿನಲ್ಲಿ ಗೆರೆ ಎಳೆದ ಮೂರು ಕಂಬ:
ತೆರೆದರು. ಕೇಳಿದರು. ಪ್ರಾರ್ಥಿಸಿದರು.
ಅಟ್ಟಿದರು ಎಂಬುದಕ್ಕೆ ಕಂಬವಿಲ್ಲ,
ಅಂಚಿನಲ್ಲಿ ಒಂದು ಸಣ್ಣ ಚುಕ್ಕಿ ಇಡುತ್ತಾನೆ.

ನೇಕಾರರ ಓಣಿ. ಮನೆಮನೆಯಿಂದಲೂ
ಖಟ್ ಖಡಕ್, ಖಟ್ ಖಡಕ್.
ಈ ಸದ್ದಿನೊಳಗೆ ಬಾಗಿಲು ಬಡಿದರೆ
ಅದೂ ಒಂದು ಮಗ್ಗವೆಂದೇ ಕೇಳಿಸಬೇಕು.
ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತೇನೆ,
ಒಳಗೆ ಯಾರೂ ಇಲ್ಲದಿರಲಿ ಎಂದು.
ಕರ್ತನೇ, ಇದನ್ನೂ ನೀನು ಕೇಳಿಸಿಕೊಂಡಿರುತ್ತೀ.

ಮೊದಲ ಮನೆಯಲ್ಲಿ ನಾಯಿ.
ಐದನೆಯದರಲ್ಲಿ ಒಬ್ಬಳು, ಕೈಗೆ ಹಿಟ್ಟು ಮೆತ್ತಿಕೊಂಡೇ
"ಎವರೇ?" ಎನ್ನುತ್ತ ಬಂದು ನನ್ನ ಹೆಗಲ ಚೀಲ ನೋಡಿ
"ಸಂಘದವ್ರಾ? ಕಂತು ನಾಡಿದ್ದಲ್ವಾ?" ಅಂದಳು.
ಅಲ್ಲವೆಂದಾಗ ಆ ಮುಖದಲ್ಲಿ ಮೂಡಿದ ನಿರಾಳವೇ
ಅವತ್ತು ನಾವು ಸಾರಿದ ಮೊದಲ ಸುವಾರ್ತೆ.

ಒಂಬತ್ತನೆಯ ಮನೆಯ ಹುಡುಗ ಏನೂ ಮಾತಾಡಲಿಲ್ಲ,
ಮೊಬೈಲು ಎತ್ತಿ ಹಿಡಿದ.
ನಗಬೇಕೋ ಬೇಡವೋ ತಿಳಿಯದೆ
ಅರ್ಧ ನಕ್ಕೆ. ಆ ಅರ್ಧ ನಗು
ಈಗ ಯಾರ ಯಾರ ಕೈಯಲ್ಲಿದೆಯೋ.

ಹದಿನೇಳನೆಯದು ತೆರೆದೇ ಇತ್ತು.
ಕುಣಿಯಲ್ಲಿ ಸೊಂಟದವರೆಗೆ ಇಳಿದು ಕೂತ ಮಾರ್ಕಂಡಯ್ಯ
ತಲೆಯೆತ್ತದೆ ಹೇಳಿದ:
"ಹೇಳ್ರಮ್ಮಾ. ಕೈ ಖಾಲಿ ಇಲ್ಲ, ಕಿವಿ ಖಾಲಿ ಐತೆ."
ಸುಕುಮಾರಣ್ಣ ನನ್ನತ್ತ ಕಣ್ಣು ಮಾಡಿದ.
ಬಾಯಿಪಾಠ ಶುರುವಿಟ್ಟೆ.
ಲಾಳಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ,
ನನ್ನ ವಾಕ್ಯಗಳು ಅದರ ಓಟಕ್ಕೆ ಸಿಕ್ಕಿ ತುಂಡು ತುಂಡು.
ಪಾಪ, ಖಟ್, ಕೃಪೆ, ಖಡಕ್, ರಕ್ತ
ಎನ್ನುವಲ್ಲಿ ಒಂದು ಎಳೆ ಹರಿಯಿತು.
ಮಗ್ಗ ನಿಲ್ಲಿಸಿ, ಬೆರಳಿಗೆ ಬೂದಿ ಹಚ್ಚಿ, ಹೊಸೆದು ಕೂಡಿಸಿ
"ಮುಂದೆ?" ಅಂದ.
ಮುಂದೇನೆಂದು ನನಗೆ ಮರೆತುಹೋಗಿತ್ತು.

ಬೆಟಗೇರಿಯಲ್ಲಿ ನಮ್ಮ ಮುತ್ತಜ್ಜನೂ ಹೀಗೇ ಕುಣಿಯಲ್ಲಿದ್ದನಂತೆ,
ಯಾರೋ ಛತ್ರಿ ಹಿಡಿದು ಹೊಸ್ತಿಲಿಗೆ ಬಂದಾಗ.
ಮುಗ್ಗರಿಸುವ ಕನ್ನಡ, ಕೈಯಲ್ಲಿ ಜ್ವರದ ಗುಳಿಗೆ.
ಅವನು ಎದ್ದು ಬಂದ. ಅದಕ್ಕೇ ನಾನು ಓದಿದೆ,
ಅದಕ್ಕೇ ನನ್ನ ಹೆಸರು ಪೆರ್ಸಿಸ್,
ಅದಕ್ಕೇ ಯಾರ ಅಂಗಳದಲ್ಲೂ ತಲೆ ತಗ್ಗಿಸದೆ ನಿಲ್ಲಬಲ್ಲೆ.
ಮುತ್ತಜ್ಜಿ ಮಾತ್ರ ಸಾಯುವ ತನಕ
ಕುಂಕುಮದ ಭರಣಿಯನ್ನು ಜೋಳದ ಗಡಿಗೆಯಲ್ಲಿ ಹುಗಿದಿಟ್ಟಿದ್ದಳು.
ಈ ಸಾಕ್ಷಿಯನ್ನು ಸಭೆಯಲ್ಲಿ ಯಾರೂ ಹೇಳುವುದಿಲ್ಲ.

ಇದೇ ತಾಲೂಕಿನ ಬಂಡೆಯ ಮೇಲೆ ಹಿಂದೆ ಒಬ್ಬ ದೊರೆ
ತನ್ನ ಧರ್ಮವನ್ನು ಕೊರೆಸಿ ಹೋಗಿದ್ದಾನೆ.
ಬಾಗಿಲುಗಳನ್ನೂ ತಟ್ಟಿಸಿದನೋ ಏನೋ, ಗೊತ್ತಿಲ್ಲ.
ಕಲ್ಲಿಗೆ ಹೇಳುವುದು ಸಲೀಸು.
ಕಲ್ಲು ಎಳೆ ಕೂಡಿಸಿ, ಕತ್ತೆತ್ತಿ
"ಮುಂದೆ?" ಎನ್ನುವುದಿಲ್ಲ.

"ಹೋಗ್ಲಿ ಬಿಡಮ್ಮಾ," ಅಂದ ಮಾರ್ಕಂಡಯ್ಯ,
"ನನ್ ಮೊಳಕಾಲಿಗೆ ಒಂದೀಟು ಬೇಡ್ಕೋ.
ಊರ ಹೆಸರಲ್ಲೇ ಐತೆ ನಮ್ ರೋಗ."
ಕುಣಿಯ ಅಂಚಿಗೆ ಮಂಡಿಯೂರಿದೆ.
ಅವನ ಮುಖ, ನನ್ನ ಮುಖ ಒಂದೇ ಎತ್ತರಕ್ಕೆ ಬಂದವು.
ಕಣ್ಣು ಮುಚ್ಚಿದರೆ ಒಂದು ಮಾತೂ ಇಲ್ಲ,
ಪಕ್ಕದ ಮನೆಯ ಮಗ್ಗ ಮಾತ್ರ.
ತುಸು ಹೊತ್ತಿಗೆ ಅವನ ದನಿ ಕೇಳಿತು,
ಗೋಡೆಯ ಮೇಲಿನ ದೇವರಿಗೆ:
"ಈ ಕೂಸಿಗೂ ಕಾಲು ಗಟ್ಟಿ ಇರ್ಲಪ್ಪಾ.
ಬಿಸಿಲಾಗೆ ತಿರುಗ್ತಾ ಐತೆ."

"ಆಮೆನ್" ಅಂದುಬಿಟ್ಟೆ, ಬಾಯಿತಪ್ಪಿ.
ಬಾಯಿ ತಪ್ಪಿತೋ ಇಲ್ಲವೋ.

ಓಣಿಗೆ ಬಂದ ಮೇಲೆ ಸುಕುಮಾರಣ್ಣ
ಮೂರೂ ಕಂಬಕ್ಕೆ ಗುರುತು ಹಾಕಿಕೊಂಡ.
ಯಾರು, ಯಾರಿಗೆ ಎಂದು ಅವನು ಕೇಳಲಿಲ್ಲ,
ನಾನು ಹೇಳಲೂ ಇಲ್ಲ.
ಹದಿನೆಂಟನೆಯ ಮನೆಗೆ ಬೀಗ.
ಖುಷಿಯಾಯಿತು.
ಆಮೇಲೆ, ಯಾಕೋ, ಸ್ವಲ್ಪ ಬೇಜಾರೂ.