ಅನುಬಂಧ ಮೂರು: ಗೋಡೆ

ಬ್ಯಾಂಕಿನ ನಮೂನೆ ಹನ್ನೊಂದು ಪುಟ.
ಮೊದಲನೆಯದರಲ್ಲೇ ಸಿಕ್ಕಿಬಿದ್ದೆವು:
ಉದ್ಯಮದ ಹೆಸರು?
ಶಾವಂತ್ರೆವ್ವ ಸೆರಗಿನಿಂದ ಕತ್ತು ಒರೆಸಿಕೊಂಡು
"ಹೆಸರ್ಯಾಕ್ರಿ, ರೊಟ್ಟಿ ಅಂದ್ರ ಬರ್ತಾರ" ಅಂದಳು.
ನಾನು ಬರೆದೆ: ಶಾವಂತ್ರಿ ಫುಡ್ ಪ್ರಾಡಕ್ಟ್ಸ್,
ಮಾಂಗೋರ್ ಗುಡ್ಡ, ವಾಸ್ಕೋ.
ಓದಿ ಹೇಳಿದೆ. ಯಾವುದೋ ಪರವೂರಿನ ಹೆಂಗಸಿನ ಸುದ್ದಿ
ಕೇಳಿದವಳಂತೆ ತಲೆಯಾಡಿಸಿದಳು.

ಇಂಥವು ಇನ್ನೂರು ಬರೆದಿದ್ದೇನೆ, ಆಡಿಟರ ಕಚೇರಿಯ
ಹಿಂದಿನ ಮೇಜಿನಲ್ಲಿ, ಫ್ಯಾನಿನ ಗಾಳಿ ತಲುಪದ ಕಡೆ.
ಕೋಳಿ ಫಾರಂ, ಬಾಡಿಗೆ ಸ್ಕೂಟರು, ಐಸು ಪುಡಿಮಾಡುವ ಯಂತ್ರ.
ಎಲ್ಲರೂ ಮೂರನೇ ವರ್ಷ ಲಾಭಕ್ಕೆ ಬರುತ್ತಾರೆ,
ನನ್ನ ಹಾಳೆಯಲ್ಲಿ.

ಕಚ್ಚಾ ಸಾಮಗ್ರಿ?
ಹುಲಕೋಟಿಯ ಅಕ್ಕ ಕಳಿಸುವ ಬಿಳಿಜೋಳ.
ಸಾಗಾಣಿಕೆ ರೈಲಿನಲ್ಲಿ, ಸೀಟಿನ ಕೆಳಗೆ;
ದೂಧಸಾಗರದ ಹತ್ತಿರ ತುಂತುರು ಬಿದ್ದರೆ
ಚೀಲದ ಮೇಲೆ ಯಾರದೋ ಟವೆಲು.
ಕೊಟೇಶನ್ ಬೇಕಲ್ಲ, ಎಂದೆ.
"ನಮ್ಮಕ್ಕಗ ಕೊಟೇಶನ್ ಕೇಳಿದ್ರ
ಜ್ವಾಳಾನೂ ಬಂದ್, ಮಾತೂ ಬಂದ್."

ಸ್ಪರ್ಧಿಗಳು?
ನಸುಕಿನಲ್ಲಿ ಸೈಕಲ್ಲಿನ ಹಾರ್ನು ಒತ್ತುತ್ತ ಬರುವ ಪೊದೇರ,
ಬುಟ್ಟಿಯಲ್ಲಿ ತಾಡಪಾಲು ಮುಚ್ಚಿದ ಬಿಸಿ ಪಾವು.
"ಅಂವಾ ಎಲ್ಲಿ ಸ್ಪರ್ಧಿರಿ? ಗುರುವಾರಕ್ಕೊಮ್ಮೆ
ಎರಡು ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಸ್ಕೊಂಡು ಹೋಗ್ತಾನ.
ಹೆಂಡ್ತಿ ಹೆಸರು ಎಸ್ಪೆರಾನ್ಸಾ. ಕಾಲು ಬಾತಾವ ಪಾಪ."
ಬಾತ ಕಾಲಿಗೆ ಕಾಲಮ್ಮು ಇರಲಿಲ್ಲ.

ದಿನಕ್ಕೆ ನೂರಾ ಎಂಬತ್ತು ರೊಟ್ಟಿ, ಹನ್ನೆರಡು ರೂಪಾಯಿಗೊಂದು.
ಹದಿನಾಲ್ಕು ಕಿಲೋ ಹಿಟ್ಟು, ಗ್ಯಾಸು, ಕೈಕೆಳಗೆ ಮಗಳು.
"ಆಕಿ ಪಗಾರ ಹಾಕ್ರಿ" ಅಂದಳು,
ಆ ಒಂದು ಸಾಲಿಗೆ ಮಾತ್ರ ಮುಂದಕ್ಕೆ ಬಾಗಿ,
ಅಕ್ಷರ ಬಾರದವಳು, ಬೆರಳಿಟ್ಟು
ಸೊನ್ನೆ ಎಣಿಸಿದಳು.

ಸಾಲದ ಉದ್ದೇಶ ಎಂಬಲ್ಲಿ ರೂಢಿಯಂತೆ
ರೊಟ್ಟಿ ಯಂತ್ರ ಎಂದು ಬರೆಯಹೊರಟೆ.
"ಯಂತ್ರ ಬ್ಯಾಡ. ಕೈ ಅದಾವ.
ನನಗ ಒಂದು ಕಿಂಡಿ ಬೇಕ್ರಿ."
ಬಂದರಿನ ರಸ್ತೆಯ ಕಡೆ ಗೋಡೆ ಒಡೆದು
ಒಂದು ಕಡಪಾ ಕಲ್ಲು, ಒಂದು ಶಟರು.
ಈಗ ಬಾಗಿಲಿರುವುದು ಹಿಂದಿನ ಗಲ್ಲಿಗೆ; ಲಾರಿಯವರು
ಗಟಾರ ದಾಟಿ, ಕೊಡಗಳ ಸಾಲು ದಾಟಿ ಬರಬೇಕು.
ಕಿಂಡಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.
'ಮಾರಾಟ ಕೌಂಟರ್ ನಿರ್ಮಾಣ, ಎಪ್ಪತ್ತೆಂಟು ಸಾವಿರ.'
ಗಾಳಿ ಬೆಳಕು ಅದರಲ್ಲೇ ಬಂದವು,
ಬೇರೆ ತೋರಿಸಲಿಲ್ಲ.

ಜಾಗ ನೋಡಲು ಹೋದೆ.
ಒಡೆಯಬೇಕಾದ ಗೋಡೆಯ ತುಂಬ ಇದ್ದಲಿನ ಗೀರು:
ಲಾರಿಯ ಗಾಲಿ, ಕನ್ನಡಕ, ಮೀನಿನ ಮುಳ್ಳು, ಒಂದು ಕೊಡೆ,
ಒಂದೊಂದರ ಮುಂದೆ ಐದೈದಾಗಿ ಕಟ್ಟಿದ ಗೆರೆ.
ನಮ್ಮ ಭಾಷೆಯಲ್ಲಿ ಇದು ಬರಬೇಕಾದ ಬಾಕಿ. ಆಸ್ತಿ.
ಇದನ್ನೇ ಒಡೆದರೆ?
"ಅದಕ್ಕ ನಿಮ್ಮನ್ನ ಕರದದ್ದು. ಇಳಿಸ್ಕೊಳ್ರಿ."

ಮಂಡಿಯೂರಿ ಇಳಿಸಿಕೊಂಡೆ.
ಗಾಲಿ, ನಾನೂರ ಎಂಬತ್ತು. ಕೊಡೆ, ಅರವತ್ತು.
ಮೀನಿನ ಮುಳ್ಳು ಪ್ರತಿ ತಿಂಗಳೂ ಕೊಟ್ಟು ಪ್ರತಿ ತಿಂಗಳೂ ಬೆಳೆಯುವವನು.
ನಡುಮಧ್ಯ, ಕಿಂಡಿ ಬೀಳುವ ಜಾಗದಲ್ಲೇ,
ಎಲ್ಲಕ್ಕಿಂತ ಉದ್ದದ ಸಾಲು.
ಸಾಲಿನ ತಲೆಗೊಂದು ಪುಟ್ಟ ಲಂಗರು.
ಮೂರು ಸಾವಿರ ದಾಟುತ್ತದೆ, ಕಡಿಮೆಯಲ್ಲ.

"ಅದು ಬ್ಯಾಡ."
ರೊಟ್ಟಿ ಮಗುಚಿದಳು. ಹಸಿ ಬಟ್ಟೆಯಿಂದ
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸವರಿದಳು.
ಮಗಳು ಹಿಟ್ಟಿನ ಡಬ್ಬಿಯೊಳಗೆ ಏನೋ ಹುಡುಕುತ್ತಿದ್ದಳು.
"ಅದು ಕಲ್ಲಿನ ಜೋಡಿ ಹೋಗ್ಲಿ."

ಮೊತ್ತ ಹಾಕಿದೆ, ಅದನ್ನು ಬಿಟ್ಟು.
ಹೆಬ್ಬೆಟ್ಟು ಒತ್ತಿಸಿದೆ; ಹಿಟ್ಟು ಅಂಟಿ
ಮೊದಲ ಸಲ ಮೂಡಲಿಲ್ಲ.
ನನ್ನ ಫೀಸು ಆರುನೂರು. ನಾನೂರು ಕೊಟ್ಟಳು.
ಉಳಿದದ್ದಕ್ಕೆ ಇದ್ದಲಿನ ತುಂಡು ಹುಡುಕಿ
"ಈ ಕಡೆ ಗ್ವಾಡಿ ಒಡಿಯೂದಿಲ್ಲಲ್ಲ?" ಎಂದು ಕೇಳಿ
ಮೂಲೆಯಲ್ಲಿ ನನ್ನ ಗುರುತು ಬರೆದಳು.
ಪೆನ್ನೋ, ಬದನೆಕಾಯೋ,
ಇನ್ನೂ ತಿಳಿದಿಲ್ಲ.